ಕೆದರಿದ ಕ್ರಾಪು

ಪಾಲುದಾರ ಬಾಚಣಿಗೆಯನ್ನು ತಾತನ ಹಣೆಯವರೆಗೆ ತಂದಿದ್ದನಷ್ಟೆ, ಐದು ವರ್ಷದ ಮೊಮ್ಮಗಳು ಓಡಿಬಂದು ಅವನ ಮಣಿಕಟ್ಟಿಗೆ ಜೋತುಬಿದ್ದಳು.

“ಮುಟ್ಟಬೇಡಿ! ತಾತನ ತಲೆ ಮುಟ್ಟಬೇಡಿ!”

ಹಜಾರದಲ್ಲಿ ತಾತನ ಶವದ ಸುತ್ತ ಕೂತು ಅಳುತ್ತಿದ್ದವರು ಅಳು ನಿಲ್ಲಿಸಿ ನೋಡಿದರು. ತಾತ, ಪಾಲುದಾರ ಇಬ್ಬರೂ ಸೇರಿ ಬಸ್ ನಿಲ್ದಾಣದ ಎದುರು ಕಟಿಂಗ್ ಶಾಪ್ ನಡೆಸಿದವರು. ತಾತ ಎಲ್ಲರ ತಲೆಗೂ ಕೈ ಹಾಕುತ್ತಿದ್ದ. ಅವನ ತಲೆಗೆ ಕೈ ಹಾಕುವ ಹಕ್ಕು ಮಾತ್ರ ಪಾಲುದಾರನೊಬ್ಬನದೇ. ಬೇರೆ ಯಾರಾದರೂ ಆ ಬಿಳಿ ಕ್ರಾಪಿನ ಹತ್ತಿರ ಬೆರಳು ತಂದರೆ, “ಕೆದರಿದ್ರೆ ಸತ್ತೇ ಹೋಗ್ತೀನಿ ನೋಡು” ಎನ್ನುತ್ತಿದ್ದ. ಮನೆಯವರಿಗೆಲ್ಲ ಬಾಯಿಪಾಠವಾಗಿದ್ದ ಜಂಬದ ಮಾತು. ಅದು ಬರೀ ಜಂಬವೆಂದು ಮಕ್ಕಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

“ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ, ಒಂದು ಹನಿ ಅತ್ತಿಲ್ಲ,” ಎಂದಳು ಮಗುವಿನ ಅಮ್ಮ. “ಕೇಳಿದ್ರೆ ಬಾಯೇ ಬಿಡಲ್ಲ.”

ಪಾಲುದಾರ ಮೊಣಕಾಲೂರಿ ಕೂತ. “ಯಾಕೆ ಪುಟ್ಟಿ? ತಾತನ ಕ್ರಾಪು ನಾನಲ್ದೆ ಇನ್ಯಾರು ಬಾಚಬೇಕು?”

“ಒಂದ್ಸಲ ಕೆದರಿದ್ದಕ್ಕೇ ಸತ್ತೋದ್ರು,” ಹುಡುಗಿ ಪಿಸುಗುಟ್ಟಿದಳು. “ನಾನೇ ಕೆದರಿಸಿದ್ದು.”

*

ಹಿಂದಿನ ಭಾನುವಾರ, ಮಂಡಿನೋವಿನ ಅಜ್ಜಿಯೊಬ್ಬಳನ್ನು ಬಿಟ್ಟು ಮನೆಮಂದಿಯೆಲ್ಲ ವಿಜ್ಞಾನ ಮ್ಯೂಸಿಯಂಗೆ ಹೋಗಿದ್ದರು. ಚಿಕ್ಕ ಮೊಮ್ಮಗ ಡೊಂಕು ಕನ್ನಡಿಯಲ್ಲಿ ತನ್ನ ಹೊಟ್ಟೆಯನ್ನು ಕಂಡು ಕಿರುಚಿಕೊಂಡು ಅಮ್ಮನ ಸೊಂಟವೇರಿದ್ದ. ಮೊಮ್ಮಗಳು ತಾತನನ್ನು ಎಳೆದುಕೊಂಡು ಹೋಗಿ ದೊಡ್ಡದೊಂದು ಲೋಹದ ಗೋಳದ ಮುಂದೆ ನಿಲ್ಲಿಸಿದಳು. ಸ್ಟೂಲಿನ ಮೇಲೆ ನಿಂತು ಅದನ್ನು ಮುಟ್ಟಿದರೆ ಕೂದಲು ನೆಟ್ಟಗೆ ನಿಲ್ಲುತ್ತದೆ ಎಂದು ಗೈಡ್ ಹೇಳುತ್ತಿದ್ದಳು.

“ನೀನು ಹತ್ತು ತಾತ. ನನಗೋಸ್ಕರ.”

“ಅಯ್ಯೋ, ಸತ್ತೇ ಹೋಗ್ತೀನಿ ಪುಟ್ಟಿ.”

“ಹೋಗಲ್ಲ. ಹತ್ತು!”

ಹತ್ತಿದ. ಅಂಗೈ ಇಟ್ಟ. ಇಷ್ಟು ಕಾಲ ಜೋಪಾನ ಮಾಡಿದ್ದ ಕ್ರಾಪು ಒಂದೊಂದೇ ಎಳೆಯಾಗಿ ಎದ್ದು ನಿಂತಿತು. ಸುತ್ತ ನೆರೆದ ಮಕ್ಕಳು ಕೇಕೆ ಹಾಕಿದರು. ಎಲ್ಲರಿಗಿಂತ ಜೋರಾಗಿ ಮೊಮ್ಮಗಳು.

ಆ ವಾರ ಮುಗಿಯುವ ಮೊದಲೇ, ಒಂದು ಬೆಳಗ್ಗೆ ತಾತ ಏಳಲಿಲ್ಲ. ಎರಡನ್ನೂ ಜೋಡಿಸಿಕೊಳ್ಳಲು ಹುಡುಗಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

*

ಅಪ್ಪ ಮಗಳ ಪಕ್ಕಕ್ಕೆ ಬಂದು ಕೂತ. “ಹಾಗೆಲ್ಲ ಆಗಲ್ಲಮ್ಮಾ. ತಾತನ ಹಾರ್ಟ್ ವೀಕ್ ಇತ್ತು, ಡಾಕ್ಟರೇ ಹೇಳಿದ್ರು.”

ಹುಡುಗಿ ಒಪ್ಪಲಿಲ್ಲ. ಡಾಕ್ಟರು ಮ್ಯೂಸಿಯಂಗೆ ಬಂದಿರಲಿಲ್ಲವಲ್ಲ.

ಗೋಡೆಗೊರಗಿ ಕೂತಿದ್ದ ಅಜ್ಜಿ ಕೈ ಚಾಚಿದಳು. “ಬಾ ಇಲ್ಲಿ. ಅವತ್ತು ಮನೆಗೆ ಬಂದು ನಿಮ್ಮ ತಾತ ಏನು ಮಾಡಿದ್ರು ಗೊತ್ತಾ? ಕನ್ನಡಿ ಮುಂದೆ ನಿಂತು ಒಬ್ರೇ ನಗ್ತಿದ್ರು. ‘ಪುಟ್ಟಿ ನನ್ನ ಜಂಬ ಇಳಿಸಿಬಿಟ್ಳು ಕಣೇ. ಬಾ, ನೀನೂ ಒಂದು ಕೈ ನೋಡು’ ಅಂತ ತಲೆ ಬಗ್ಗಿಸಿದ್ರು. ಮದುವೆಯಾದಾಗಿನಿಂದ ಆಸೆ ನಂಗೆ, ಬಿಡ್ತೀನಾ? ಎರಡೂ ಕೈಯಲ್ಲಿ ಕೆದರಿ ಹಕ್ಕಿಗೂಡು ಮಾಡಿಟ್ಟೆ.”

“ಆಮೇಲೆ?”

“ಆಮೇಲೇನು, ಗುಂಡುಕಲ್ಲಿನ ಹಾಗಿದ್ರು. ಊಟ ಮಾಡಿದ್ರು, ಉಪ್ಪು ಸಾಲದು ಅಂತ ಬೈದ್ರು. ಮಾರನೇ ದಿನವೂ ಕೆದರಿಸಿಕೊಂಡ್ರು. ಅದರ ಮಾರನೇ ದಿನವೂ.”

“ಅದಕ್ಕೇನಾ!” ಪಾಲುದಾರ ಬಾಯಿ ತೆರೆದ. “ಹೆಂಡತಿ ಕೈಲಿ ಒದೆ ತಿಂದು ಅಂಗಡಿಗೆ ಬರ್ತಿದ್ದಾನೆ ಅನ್ಕೊಂಡಿದ್ದೆ ನಾನು!”

ಅಜ್ಜಿ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ಸಾವಿನ ಮನೆಯಲ್ಲಿ ನಗು ಅಂಟುಜಾಡ್ಯ, ತಡೆದಷ್ಟೂ ಹರಡಿತು.

“ಬೇಕಾದ್ರೆ ನೀನೇ ಕೆದರಿ ನೋಡು,” ಎಂದಳು ಅಜ್ಜಿ.

ಹುಡುಗಿ ಹೆದರುತ್ತಲೇ ತಾತನ ಕೂದಲಲ್ಲಿ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಆಗ ಬಂತು, ನಿನ್ನೆಯಿಂದ ತಡೆದಿದ್ದ ಅಷ್ಟೂ ಅಳು. ಪಾಲುದಾರ ಅವಳನ್ನು ಎತ್ತಿಕೊಂಡ. ಅತ್ತು, ಬಿಕ್ಕಿ, ಅಮ್ಮ ಕೊಟ್ಟ ಬ್ರೆಡ್ಡು ತಿಂದು, ಅವನ ಹೆಗಲ ಮೇಲೆಯೇ ನಿದ್ದೆಹೋದಳು.

ಸ್ವಲ್ಪ ಹೊತ್ತಿಗೆ ತಾತನನ್ನು ಎತ್ತುವ ಸಮಯವಾಯಿತು. “ಬಾರಪ್ಪ, ಮುಂದಿನ ಹೆಗಲು ನಿಂದೇ,” ಎಂದು ಯಾರೋ ಪಾಲುದಾರನನ್ನು ಕರೆದರು. ಅವನು ಹೆಜ್ಜೆ ಇಟ್ಟ. ಹುಡುಗಿ ನಿದ್ದೆಯಲ್ಲೇ ಅವನ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡಳು. ಅವನು ಆಗದೆಂದು ತಲೆಯಾಡಿಸಿ ಬಾಗಿಲಲ್ಲೇ ನಿಂತ, ಮಗುವಿನ ಮುಖಕ್ಕೆ ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿದು.