ನೂರಕ್ಕೆ ಮೂವತ್ತೆರಡು

ಸುದ್ದಿಗೋಷ್ಠಿಗೆ ಒಂದೇ ದಿನ ಉಳಿದಿತ್ತು, ನನಗೆ ಕುರ್ಚಿಯ ಮೇಲೆ ಕೂರಲು ಆಗುತ್ತಿರಲಿಲ್ಲ. ಎದ್ದು ನೀರು ಕುಡಿದೆ, ಬಂದು ಕೂತೆ, ಮತ್ತೆ ಎದ್ದು ಕಿಟಕಿ ತೆರೆದೆ, ಗಾಳಿಗೆ ಕಾಗದಗಳೆಲ್ಲ ಹಾರಿದ ಮೇಲೆ ಮುಚ್ಚಿದೆ. ಪಕ್ಕದ ಮೇಜಿನವಳು ನನ್ನ ಕಾಲು ಅಲ್ಲಾಡುವುದನ್ನು ನೋಡಿ ತನ್ನ ಮೇಜನ್ನೇ ಸ್ವಲ್ಪ ದೂರ ಎಳೆದುಕೊಂಡಳು.

ನಮ್ಮದು ಸಮೀಕ್ಷೆ ಮಾಡುವ ಸಂಸ್ಥೆ. ಐದು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಜನ ಏನು ತಿನ್ನುತ್ತಾರೆ, ಎಷ್ಟು ನಿದ್ದೆ ಮಾಡುತ್ತಾರೆ, ಯಾವ ಕಾಯಿಲೆಯಿದೆ ಎಂದೆಲ್ಲ ಕೇಳುತ್ತೇವೆ. ಹಾಸಿಗೆಯ ವಿಷಯವನ್ನೂ ಕೇಳುತ್ತೇವೆ. ಈ ಸಲ ಬಂದ ಉತ್ತರ ಎಲ್ಲರ ಹುಬ್ಬೇರಿಸಿತ್ತು. ಮೂವತ್ತರೊಳಗಿನವರಲ್ಲಿ ನೂರಕ್ಕೆ ಮೂವತ್ತೆರಡು ಮಂದಿ ಕಳೆದ ಒಂದು ವರ್ಷದಲ್ಲಿ ಯಾರೊಂದಿಗೂ ಕೂಡಿಲ್ಲ. ಹಿಂದಿನ ಸಲ ಇದು ಹದಿನೈದು ಇತ್ತು. ಹೀಗೇಕಾಯಿತು ಎಂದು ವಿವರಿಸುವ ಅಧ್ಯಾಯ ಬರೆಯುವುದು ನನ್ನ ಕೆಲಸ.

ವಿವರಣೆಗೇನೂ ಬರವಿರಲಿಲ್ಲ. ನಿರ್ದೇಶಕರು ಮೊಬೈಲ್ ಅಂದರು. ಅವರಿಗೆ ನಲ್ಲಿಯಲ್ಲಿ ನೀರು ಬರದಿದ್ದರೂ ಮೊಬೈಲೇ ಕಾರಣ. ಕೆಲಸದ ಒತ್ತಡ ಅಂದವರಿದ್ದರು. ಬಾಡಿಗೆ ದುಬಾರಿ, ಬೆಳೆದ ಮಕ್ಕಳೆಲ್ಲ ಇನ್ನೂ ಅಪ್ಪ ಅಮ್ಮನ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದಾರೆ ಅಂದವರೂ ಇದ್ದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ, ಎಲ್ಲವನ್ನೂ ಬರೆದೆ. ಯಾಕೆಂದರೆ ಆ ಮೂವತ್ತೆರಡು ಮಂದಿಯಂಥವರಲ್ಲಿ ನಾನೂ ಒಬ್ಬಳು, ನನ್ನ ಗಂಡನೂ ಒಬ್ಬ.

ಮದುವೆಯಾಗಿ ಮೂರು ವರ್ಷ. ಜಗಳವಿಲ್ಲ, ಮುನಿಸಿಲ್ಲ. ಹಾಸಿಗೆ ಒಂದೇ, ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ. ಹೇಗೆ ಶುರುವಾಯಿತೆಂದು ಇಬ್ಬರಿಗೂ ಗೊತ್ತಿಲ್ಲ. ಒಂದು ವಾರ ದಣಿವು, ಇನ್ನೊಂದು ವಾರ ನೆಗಡಿ, ಆಮೇಲೆ ಮೊದಲು ಕೈ ಚಾಚುವುದಕ್ಕೇ ನಾಚಿಕೆ. ಮದುವೆಯಾದ ಹೊಸದರಲ್ಲೂ ಇಷ್ಟು ನಾಚಿಕೆ ಇರಲಿಲ್ಲ. ಈ ಅಂಕಿ ಕೈಗೆ ಬಂದ ಸಂಜೆ ಓಡೋಡಿ ಮನೆಗೆ ಹೋಗಿ ಅವನಿಗೆ ಹೇಳಿದ್ದೆ, ನಮ್ಮದೇನೂ ವಿಶೇಷವಲ್ಲ, ನಮ್ಮ ವಯಸ್ಸಿನವರೆಲ್ಲ ಹೀಗೇ ಆಗಿಬಿಟ್ಟಿದ್ದಾರೆ ಅಂತ. ಅವನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವವನು, ಯಾವುದನ್ನೂ ಎರಡು ಸಲ ತಿರುಗಿಸಿ ನೋಡದೆ ಬಿಡುವವನಲ್ಲ. ಅಂದು ಮಾತ್ರ ಹೌದಾ ಎಂದು ಸುಮ್ಮನಾದ. ನನಗೆ ಎದೆಯ ಮೇಲಿನ ಭಾರ ಇಳಿದಂತಾಗಿತ್ತು.

ಹಾಗಿದ್ದ ಮೇಲೆ ಈಗ ಈ ಚಡಪಡಿಕೆ ಏಕೆ? ಒಬ್ಬ ಬಸುರಿಯಿಂದ.

ಬೆಳಿಗ್ಗೆ ಕೊನೆಯ ಸಲ ಉತ್ತರಗಳ ಮೇಲೆ ಕಣ್ಣಾಡಿಸುವಾಗ ಸಿಕ್ಕಳು. ವಯಸ್ಸು ಇಪ್ಪತ್ತಾರು, ಮದುವೆಯಾಗಿದೆ, ಈಗ ನಾಲ್ಕು ತಿಂಗಳ ಬಸುರಿ. ಕಳೆದ ಒಂದು ವರ್ಷದಲ್ಲಿ ಕೂಡಿದ್ದು ಸೊನ್ನೆ. ನಗು ಬಂತು. ಇನ್ನೂ ಹುಡುಕಿದೆ, ಇನ್ನಷ್ಟು ಬಸುರಿಯರು ಸಿಕ್ಕರು, ಅವರದ್ದೂ ಸೊನ್ನೆ. ನಗು ನಿಂತಿತು. ಇಷ್ಟೊಂದು ಪವಾಡ ಒಂದೇ ಸಮೀಕ್ಷೆಯಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಮೊದಲಿನಿಂದ ಒಂದು ಪದ್ಧತಿಯಿದೆ. ಮನೆಯಲ್ಲಿ ಫ್ರಿಜ್ ಎಷ್ಟು, ಸೈಕಲ್ ಎಷ್ಟು ಎಂದು ಕೇಳಿದರೆ, ಇಲ್ಲದವರು ಸೊನ್ನೆ ಬರೆಯುವ ಗೋಜಿಗೆ ಹೋಗುವುದಿಲ್ಲ, ಖಾಲಿ ಬಿಡುತ್ತಾರೆ. ಆದ್ದರಿಂದ ಖಾಲಿ ಇದ್ದಲ್ಲೆಲ್ಲ ಕಂಪ್ಯೂಟರ್ ಸೊನ್ನೆ ತುಂಬುತ್ತದೆ. ಖಾಸಗಿ ಪ್ರಶ್ನೆಗಳನ್ನು ಮಾತ್ರ ಬೇರೆ ಇಡುತ್ತಿದ್ದೆವು, ಅಲ್ಲಿ ಉತ್ತರ ಕೊಡದವರು ಲೆಕ್ಕಕ್ಕೇ ಬರುತ್ತಿರಲಿಲ್ಲ. ಈ ಸಲ ಕೆಲಸ ಬೇಗ ಮುಗಿಯಲಿ ಎಂದು ಯಾರೋ ಎರಡನ್ನೂ ಒಟ್ಟಿಗೆ ಸೇರಿಸಿದ್ದರು. ನಾಚಿ ಬಾಯಿ ಬಿಡದವರು, ಪಕ್ಕದಲ್ಲಿ ಅತ್ತೆ ಕೂತಿದ್ದಾರೆಂದು ತಲೆ ತಗ್ಗಿಸಿದವರು, ಅದೆಲ್ಲ ನಿಮಗ್ಯಾಕೆ ಎಂದು ಗದರಿದವರು, ಎಲ್ಲರೂ ಫ್ರಿಜ್ ಇಲ್ಲದವರ ಸಾಲಿಗೆ ಸೇರಿದ್ದರು.

ಖಾಲಿ ಬಿಟ್ಟವರನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆ. ಹದಿನೇಳು ಬಂತು. ಹದಿನೈದಕ್ಕೂ ಹದಿನೇಳಕ್ಕೂ ಇರುವ ಅಂತರಕ್ಕೆ ಯಾರೂ ಸುದ್ದಿಗೋಷ್ಠಿ ಕರೆಯುವುದಿಲ್ಲ.

ತಕ್ಷಣ ಹೋಗಿ ಹೇಳಬೇಕಿತ್ತು, ಹೋಗಲಿಲ್ಲ. ನಿರ್ದೇಶಕರಿಗೆ ಹೆದರಿ ಅಲ್ಲ. ಕೆಲಸದ ವಿಷಯದಲ್ಲಿ ನಾನು ಯಾರಿಗೂ ಹೆದರಿದವಳಲ್ಲ. ನನಗೆ ಆ ಮೂವತ್ತೆರಡು ಬೇಕಾಗಿತ್ತು. ಅಷ್ಟು ಜನರ ನಡುವೆ ನಾವಿಬ್ಬರು ಕಾಣಿಸುತ್ತಿರಲಿಲ್ಲ. ಅದು ಹೋದರೆ ಮೊಬೈಲನ್ನು ಬೈಯುವಂತಿಲ್ಲ, ಬಾಡಿಗೆಯನ್ನು ಬೈಯುವಂತಿಲ್ಲ, ಉಳಿಯುವುದು ನಾನು ಮತ್ತು ಅವನು. ಯಾರೋ ಪಾಪದವರು ಬಾಯಿ ಮುಚ್ಚಿಕೊಂಡಿದ್ದನ್ನು ನನ್ನ ಸಮಾಧಾನಕ್ಕೆ ಬಳಸಿಕೊಂಡೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಊಟದ ಹೊತ್ತು ಕಳೆದ ಮೇಲೆ ಎದ್ದು ಹೋದೆ. ನಿರ್ದೇಶಕರು ನಾಳೆಯ ಕೋಟನ್ನು ಇಸ್ತ್ರಿ ಮಾಡಿಸಿ ಬಾಗಿಲ ಹಿಂದೆ ನೇತುಹಾಕಿದ್ದರು. ಬಸುರಿಯರ ಸಾಲು ತೋರಿಸಿದಾಗ ಒಮ್ಮೆ ನನ್ನ ಕಡೆ, ಒಮ್ಮೆ ಕೋಟಿನ ಕಡೆ ನೋಡಿದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೂಗಾಡಿ, ಆಮೇಲೆ ತಾವೇ ಫೋನ್ ಎತ್ತಿ ಸುದ್ದಿಗೋಷ್ಠಿಯನ್ನು ಮುಂದೂಡಿದರು. ನಾನು ಹೊರಗೆ ಬರುವಾಗ, ಆದರೂ ಮೊಬೈಲಿಗೂ ಇದಕ್ಕೂ ಏನೋ ಸಂಬಂಧ ಇದ್ದೇ ಇದೆ ಎಂದು ಗೊಣಗುವುದು ಕೇಳಿಸಿತು.

ಸಂಜೆ ಬಸ್ಸಿನಲ್ಲಿ ಕೂರಲಾಗದೆ ಒಂದು ನಿಲ್ದಾಣ ಮೊದಲೇ ಇಳಿದು ನಡೆದೆ. ಅವನಿಗೆ ಹೇಳದೆಯೂ ಇರಬಹುದಲ್ಲ ಅನಿಸಿತು. ಪತ್ರಿಕೆ ಓದುವವನಲ್ಲ, ಗೊತ್ತಾಗುವುದೂ ಇಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದರೆ ಹಾಲಿನಂಗಡಿಯಾಕೆ ಏನಾದರೂ ಕಳಕೊಂಡಿರಾ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿ ಮನೆಯ ಮೆಟ್ಟಿಲು ಹತ್ತಿದೆ.

ಅವನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಚೀಲವನ್ನೂ ಕೆಳಗಿಡದೆ ಹೇಳಿಬಿಟ್ಟೆ.

“ಆ ಲೆಕ್ಕ ತಪ್ಪು. ನಮ್ಮ ವಯಸ್ಸಿನವರೆಲ್ಲ ಮೊದಲಿನ ಹಾಗೇ ಇದ್ದಾರೆ. ನಾವೇ ಹೀಗಿರೋದು.”

ಅವನು ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಂಡ, ಒಣಗಿದ ಮೇಲೂ ಒರೆಸುತ್ತಲೇ ಇದ್ದ. ಬೇಜಾರು ಮಾಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ, ಆದರೆ ಅವನ ಮುಖ ಸಡಿಲವಾಯಿತು.

“ಅವತ್ತು ನಿನ್ನನ್ನ ಒಂದು ಮಾತು ಕೇಳಬೇಕು ಅಂತ ಕಾಯ್ತಾ ಇದ್ದೆ,” ಅಂದ. “ಅಂಗಡೀಲಿ ದಿನವೆಲ್ಲ ಮನಸ್ಸಲ್ಲೇ ಹೇಳ್ಕೊಂಡು ಬಂದಿದ್ದೆ. ನೀನು ಬಾಗಿಲಲ್ಲೇ ಆ ಮೂವತ್ತೆರಡು ಅಂದೆ. ನೀನು ಎಷ್ಟು ಖುಷಿಯಾಗಿದ್ದೆ ಗೊತ್ತಾ? ಇವಳಿಗೆ ನಾನು ಬೇಕಾಗಿಲ್ಲ, ಅದಕ್ಕೆ ಒಂದು ಕಾರಣ ಸಿಕ್ಕಿತು ಅಂತ ಖುಷಿ ಅಂದ್ಕೊಂಡೆ. ಬಾಯಿ ಮುಚ್ಕೊಂಡೆ.”

ಅಳು ಒತ್ತರಿಸಿಕೊಂಡು ಬಂತು. ಕಂಡವರ ಮನೆಗೆಲ್ಲ ಜನರನ್ನು ಕಳಿಸಿ ಕೇಳಿಸಿದ್ದೆ, ಇವನನ್ನು ಕೇಳಿರಲಿಲ್ಲ.

“ಏನು ಕೇಳಬೇಕು ಅಂತಿದ್ದೆ? ಈಗ ಕೇಳು.”

ಅವನು ನೆಲ ನೋಡಿದ. “ನಾನು ಮುಟ್ಟಿದ್ರೆ ನಿಂಗೆ ಹಿಂಸೆ ಆಗುತ್ತಾ?”

ಇಲ್ಲ ಅಂದೆ. ಅರ್ಧವಷ್ಟೇ ಹೊರಬಂತು. ಅವನಿಗೆ ಕೇಳಿಸಲಿಲ್ಲವೇನೋ ಎಂದು ಹೆದರಿ, ಚೀಲ ಕೆಳಗಿಟ್ಟು, ಇನ್ನೊಮ್ಮೆ ಜೋರಾಗಿ ಅಂದೆ.