ಬೀಗ ಹಾಕಿದ ಕ್ಲಿನಿಕ್ಕಿನ ಫೋನು

ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾರ್ನ್‌ಬೀಮ್ ಕಣಿವೆಯಲ್ಲಿ ಡಾಕ್ಟರು ತೀರಿಕೊಂಡು ಎರಡು ವರ್ಷ. ಕ್ಲಿನಿಕ್ಕಿಗೆ ಬೀಗ. ಆದರೂ ದಿನಾ ಮಧ್ಯಾಹ್ನ ಮೂರಕ್ಕೆ ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಅಲ್ಲಿನ ಕಲ್ಲಿದ್ದಲ ಗಣಿಯ ಜನ ಕೇಳಿಯೂ ಕೇಳದವರಂತೆ ದಾಟಿಹೋಗುತ್ತಿದ್ದರು.

ಅಂದು ಹಳೆಯ ನರ್ಸ್ ವರ್ಲೀನ್ ಕಸ ಗುಡಿಸಲು ಬಾಗಿಲು ತೆರೆದಿದ್ದಳು. ಅದೇ ಕಣಿವೆಯ ಹುಡುಗಿ ಟ್ರೆಸ್ಸಾ ಲ್ಯಾಪ್‌ಟಾಪ್ ಹಿಡಿದು ಅವಳ ಬಳಿ ಬಂದಿದ್ದಳು. ಮೆಡಿಕಲ್ ಕಾಲೇಜಿನ ಅರ್ಜಿಗೆ ಅಂದೇ ಕೊನೆಯ ದಿನ.

"ಬಿಡಿ ಆಂಟಿ. ಪ್ರವೇಶ ಪರೀಕ್ಷೇಲಿ ಸೀಟು ಸಿಕ್ಕೋರ ಸರಾಸರಿಗಿಂತ ಆರು ಮಾರ್ಕು ಕಮ್ಮಿ. ನೋಡಿ ನಗ್ತಾರೆ ಅಷ್ಟೆ."

"ನಗೋರು ನಗ್ಲಿ. ಮಾರ್ಕು ಒಂದೇ ನೋಡಲ್ಲ ಕಣೇ ಅವ್ರು. ನಮ್ ರಾಜ್ಯದ ಕಾಲೇಜಿಗೆ ಹಳ್ಳೀಲಿ ನಿಲ್ಲೋ ಡಾಕ್ಟರೂ ಬೇಕು. ಎಲ್ಲಿ, ತೋರ್ಸು." ವರ್ಲೀನ್ ಕನ್ನಡಕ ಏರಿಸಿದಳು. "ಅನುಭವದ ಜಾಗ ಯಾಕೆ ಖಾಲಿ?"

"ನಾನೆಲ್ಲಿ ಕೆಲಸ ಮಾಡಿದೀನಿ?"

"ನಿಮ್ಮ ತಾತನ ಎದೇಲಿ ಕಲ್ಲಿದ್ದಲ ಧೂಳು ಕೂತಾಗ ನಾಲ್ಕು ವರ್ಷ ನೋಡ್ಕೊಂಡೋರು ಯಾರು? ಪಕ್ಕದ ಮನೆಯೋರನ್ನ ಅರವತ್ತು ಮೈಲಿ ಡಯಾಲಿಸಿಸ್‌ಗೆ ಕರ್ಕೊಂಡು ಹೋದೋರು ಯಾರು?"

"ಅದನ್ನೆಲ್ಲ ಹೇಳ್ಕೋತಾರಾ?"

ಮಾಡಿದ್ದನ್ನು ಹೇಳಿಕೊಂಡರೆ ಜಂಬ ಅನ್ನುವುದು ಆ ಕಣಿವೆಯ ಮಕ್ಕಳಿಗೆ ತೊಟ್ಟಿಲಿನಿಂದ ಕಲಿಸಿದ ಪಾಠ. ಈ ಸಂಕೋಚಕ್ಕೆ ಎಷ್ಟು ಒಳ್ಳೆಯ ಅರ್ಜಿಗಳು ಹಾಳಾದವೋ, ನೆನೆದರೆ ಹೊಟ್ಟೆ ಉರಿಯುತ್ತದೆ.

ಮೂರು ಗಂಟೆಯಾಯಿತು. ಫೋನು ಹೊಡೆದುಕೊಳ್ಳತೊಡಗಿತು.

ವರ್ಲೀನ್ ಪೊರಕೆ ಕೆಳಗಿಟ್ಟಳು. "ಲೈನು ಕತ್ತರಿಸಿ ಎರಡು ವರ್ಷ ಆಯ್ತಲ್ಲೇ," ಎಂದಳು ಮೆಲ್ಲಗೆ. ತಂತಿಯ ತುದಿ ನೆಲದ ಮೇಲೆ ಬಿದ್ದಿತ್ತು.

ಟ್ರೆಸ್ಸಾಳ ಮೈ ಜುಮ್ಮೆಂದಿತು. ಆದರೂ ಎತ್ತಿದಳು. ಆ ಕಡೆ ಎಳೆದೆಳೆದು ಗೊರಗುಟ್ಟುವ ಉಸಿರು. ತೀರಿಹೋದ ತಾತನ ಉಸಿರು ಅವಳಿಗೆ ಗೊತ್ತಾಗದೇ?

"ಡಾಕ್ಟರ್ ಬಂದ್ರಾ?"

ಅವಳು ಲ್ಯಾಪ್‌ಟಾಪಿನ ಕಡೆ ನೋಡಿದಳು. "ಇನ್ನೂ ಇಲ್ಲ ತಾತ. ಅರ್ಜಿ ಹಾಕ್ತಿದೀನಿ."

ಫೋನು ಸುಮ್ಮನಾಯಿತು. ಅವಳು ಕೂತು ಆ ನಾಲ್ಕು ವರ್ಷಗಳನ್ನೂ ಇದ್ದದ್ದು ಇದ್ದಹಾಗೆ ಬರೆದಳು. ಮಾರ್ಕಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಸೀಟು ಸಿಗುತ್ತದೋ ಇಲ್ಲವೋ, ಸಂಜೆಯೊಳಗೆ ಅರ್ಜಿಯಂತೂ ಹೋಯಿತು. ಮರುದಿನ ಮೂರಕ್ಕೆ ಕ್ಲಿನಿಕ್ಕಿನಿಂದ ಸದ್ದೇ ಬರಲಿಲ್ಲ.

ಮಾರ್ಕು ಕಡಿಮೆ ಬಂತೆಂದು ಅರ್ಜಿ ಮುಚ್ಚಿಟ್ಟ ಮಕ್ಕಳು ನಿಮ್ಮ ಮನೆಯಲ್ಲೂ ಇದ್ದಾರೆಯೇ? ಇಂದೇ ಹೊರಗೆ ತೆಗೆಸಿ, ತಿಳಿದವರಿಗೆ ತೋರಿಸಿ. ಮಾಡಿದ ಸೇವೆಯನ್ನು ಸಂಕೋಚಪಡದೆ ಬರೆಯಲು ಹೇಳಿ. ನಿಮ್ಮೂರಿನಲ್ಲೂ ಯಾರೋ ಫೋನು ಹಿಡಿದು ಕಾಯುತ್ತಿದ್ದಾರೆ. ಎತ್ತುವವರು ಬೇಕು.