ಗುಂಡಿಡಬ್ಬಿಯ ಏಳು ದಾರ

‘ಅಜ್ಜಿಯ ದಾರ ಕಂಡರೆ ನನಗೆ ನಾಚಿಕೆ.’ ಡೈರಿಯಲ್ಲಿ ಇಷ್ಟು ಬರೆದು ಮೊಮ್ಮಗಳು ಅದನ್ನು ಹೊಡೆದುಹಾಕಿದಳು. ಹೊಡೆದರೂ ಅಕ್ಷರ ಕಾಣುತ್ತಲೇ ಇತ್ತು.

ಹೊಲಿಗೆ ಅಂಗಡಿ ಅಜ್ಜಿಯದು. ಓದುಬರಹವಿಲ್ಲದ ಅಜ್ಜಿ ಎಂದೂ ಟೇಪು ಮುಟ್ಟಿದವಳಲ್ಲ. ಗಿರಾಕಿಯ ಮೈಗೆ ದಾರ ಹಿಡಿದು ತೋಳಿಗೊಂದು ಗಂಟು, ಸೊಂಟಕ್ಕೊಂದು ಗಂಟು ಹಾಕುವಳು. ಯಾವ ದಾರ ಯಾರದೆಂದು ಅವಳ ಬೆರಳಿಗೇ ಗೊತ್ತು.

“ಡಿಗ್ರಿ ಮಾಡಿದ ಮೊಮ್ಮಗಳನ್ನ ಮನೇಲಿಟ್ಕೊಂಡು ಇನ್ನೂ ಗಂಟು ಹಾಕ್ತಾ ಕೂತಿದೀರಲ್ಲ, ಅಜ್ಜೀ!” ಎಂದು ಗಿರಾಕಿಯೊಬ್ಬಳು ನಕ್ಕ ದಿನ ಮೊಮ್ಮಗಳಿಗೆ ತಲೆ ಎತ್ತಲಾಗಲಿಲ್ಲ. ಪುಸ್ತಕ, ಟೇಪು ಎರಡನ್ನೂ ತಂದಳು. ಅಜ್ಜಿ ಗೊಣಗದೆ ಒಪ್ಪಿದಳು. ಅವಳು ಒಂದೊಂದೇ ದಾರ ಸವರಿ ಹೆಸರು ಹೇಳಿದ ಹಾಗೆ ಇವಳು ಅದನ್ನು ಟೇಪಿಗೆ ಹಿಡಿದು ಅಳತೆ ಬರೆದಳು. ಬರೆದಾದ ದಾರ ಕಸಕ್ಕೆ ಹೋಯಿತು.

ಮರುದಿನ ಅಜ್ಜಿ ಮಲಗಿದ್ದಾಗ ಗುಂಡಿಡಬ್ಬಿಯ ತಳದಲ್ಲಿ ಇನ್ನೂ ಏಳು ದಾರ ಸಿಕ್ಕವು. ಬಣ್ಣಗೆಟ್ಟ ಗಿಡ್ಡ ದಾರಗಳು, ಒಂದಕ್ಕಿಂತ ಒಂದು ತುಸು ಉದ್ದ. ಪುಸ್ತಕದಲ್ಲಿ ‘ಯಾರದೋ ಮಗು’ ಎಂದು ಅವುಗಳ ಅಳತೆಯನ್ನೂ ಬರೆದುಕೊಂಡು ಎಸೆದಳು. ಕಸದ ಗಾಡಿ ಅಂದೇ ಬಂದು ಹೋಯಿತು.

ಎರಡು ದಿನ ಕಳೆದು ಅಜ್ಜಿ ಡಬ್ಬಿಯನ್ನು ನೆಲಕ್ಕೆ ಸುರಿದು ಕೂತಿದ್ದಳು.

“ನೀನೇ ಎತ್ತಿದೀಯ,” ಎಂದಳು ಮಗಳಿಗೆ, ಮೊಮ್ಮಗಳ ಅಮ್ಮನಿಗೆ.

“ನನಗ್ಯಾಕಮ್ಮ ನಿನ್ನ ದಾರ? ಇಲಿ ಎಳ್ಕೊಂಡು ಹೋಗಿರ್ಬೇಕು.”

ಮೊಮ್ಮಗಳು ಬಗ್ಗಿ ನೆಲದ ಗುಂಡಿ ಆರಿಸತೊಡಗಿದಳು.

ಸಂಜೆ ಇಸ್ತ್ರಿ ಹಾಕುತ್ತ ಅಮ್ಮ ತಗ್ಗಿದ ದನಿಯಲ್ಲಿ ಹೇಳಿದಳು: “ನನಗೊಬ್ಬಳು ಅಕ್ಕ ಇದ್ಳು ಕಣೇ. ಅಜ್ಜಿಗೆ ಮದುವೆಗೆ ಮುಂಚೆ ಹುಟ್ಟಿದವಳು. ಮಕ್ಕಳಿಲ್ಲದವರಿಗೆ ಕೊಟ್ಬಿಟ್ರು. ಆ ಸಾಕುತಾಯಿ ಒಳ್ಳೆಯವಳು, ಫ್ರಾಕ್ ಹೊಲಿಸೋ ನೆಪದಲ್ಲಿ ವರ್ಷಕ್ಕೊಂದ್ಸಲ ಕರ್ಕೊಂಡ್ ಬರೋಳು. ಏಳು ವರ್ಷ ಬಂದ್ರು, ಆಮೇಲೆ ಊರು ಬಿಟ್ರು. ನಾನು ಬಾಗಿಲ ಸಂದಿಯಿಂದ ನೋಡ್ತಿದ್ದೆ. ಅಜ್ಜಿ ಅಳೀತಾ ಅಳೀತಾ ಮುಗಿಸ್ತಾನೇ ಇರ್ಲಿಲ್ಲ. ಆ ಮಗೂನ ಮುಟ್ಟೋಕೆ ಅವಳಿಗೆ ಬೇರೆ ದಾರಿ ಎಲ್ಲಿತ್ತು?”

ಆಗಲೇ ಹೇಳಬಹುದಿತ್ತು. ಹೇಳುವ ಬದಲು ಮೊಮ್ಮಗಳು ಅಳತೆಯ ಪುಸ್ತಕ ತೆರೆದಳು. ಅಂಕಿಗಳಿದ್ದವಲ್ಲ! ಮರುದಿನ ಮಧ್ಯಾಹ್ನ ಏಳು ದಾರ ಕತ್ತರಿಸಿ, ಗಂಟು ಹಾಕಿ, ಹಳತಾಗಿ ಕಾಣಲೆಂದು ಚಹಾದಲ್ಲಿ ಅದ್ದಿ ಒಣಗಿಸಿ ಡಬ್ಬಿಯ ತಳಕ್ಕೆ ಸೇರಿಸಿದಳು.

ಸಂಜೆ ಗುಂಡಿ ಹುಡುಕುತ್ತಿದ್ದ ಅಜ್ಜಿಯ ಕೈಗೆ ಅವು ಸಿಕ್ಕವು. ಮಂಜಾದ ಕಣ್ಣು ಮುಚ್ಚಿ ಒಂದೊಂದೇ ಗಂಟು ಸವರಿದಳು.

“ಇಲ್ಲೇ ಇದಾವಲ್ಲೇ! ನನಗೆ ಅರಳುಮರಳು. ಹೆತ್ತ ಮಗಳ ಮೇಲೆ ಕಳ್ಳತನ ಹೊರಿಸಿದೆ,” ಎಂದು ಹಣೆ ಬಡಿದುಕೊಂಡಳು. “ತಪ್ಪಾಯ್ತು ಕಣಮ್ಮ.”

“ಬಿಡಮ್ಮ,” ಎಂದು ಅಮ್ಮ ಮುಖ ತಿರುಗಿಸಿ ಮೂಗು ಒರೆಸಿಕೊಂಡಳು.

ಅಜ್ಜಿ ಮೊಮ್ಮಗಳ ಅಂಗೈ ಬಿಡಿಸಿ ದಾರಗಳನ್ನು ಇಟ್ಟಳು. “ನನ್ನ ತಲೆ ಇನ್ನು ನಂಬೋ ಹಾಗಿಲ್ಲ. ನೀನೇ ಇಟ್ಕೋ ಪುಟ್ಟಿ. ಆ ಮಗುವಿನ ಮೈ ಸೋಕಿದ್ದು ನನ್ನ ಹತ್ರ ಇದೊಂದೇ.”

ದಾರದಿಂದ ಇನ್ನೂ ಚಹಾದ ವಾಸನೆ ಬರುತ್ತಿತ್ತು. ಅವಳು ಮುಷ್ಟಿ ಮುಚ್ಚಲಿಲ್ಲ.

“ಅಜ್ಜೀ, ಇದು ಆ ಮಗುವಿನ ಮೈ ಸೋಕಿದ ದಾರ ಅಲ್ಲ. ಅದನ್ನ ನಾನು ಕಸಕ್ಕೆ ಹಾಕ್ದೆ.”